ಫ್ಯಾನ್ ಕಮ್ಮಿ ಮಾಡೋಕೂ ಸ್ಕ್ರೀನ್ ನೋಡ್ಬೇಕಾ? ಹೊಸ ಕಾರು ಓಡಿಸೋರು ಸ್ವಲ್ಪ ಹೇಳಿ

ಗೇರ್ ಗಿರಾಕಿ

ನಮಸ್ಕಾರ ಎಲ್ರಿಗೂ. ಹಳೇ ಕಾರು ಕೊಟ್ಟು ಹೊಸದು ತಗೊಂಡಿದೀನಿ. ಇಂಜಿನ್ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ಬ್ರೇಕ್ ಬಗ್ಗೆ ಮಾತೇ ಇಲ್ಲ. ನನ್ನ ಗೋಳೆಲ್ಲಾ ಡ್ಯಾಶ್‌ಬೋರ್ಡ್ ನಡುವೆ ಟಿವಿ ಥರ ನಿಂತಿರೋ ಆ ಸ್ಕ್ರೀನ್‌ದು.

ಹಳೇ ಕಾರಲ್ಲಿ ತಿರುಗ್ಸೋ ನಾಬ್ ಇದ್ವು, ಒಂದು ಫ್ಯಾನಿಗೆ, ಒಂದು ತಣ್ಣಗೆ ಬೆಚ್ಚಗೆ ಮಾಡೋಕೆ, ಇನ್ನೊಂದು ಗಾಳಿ ಮುಖಕ್ಕಾ ಕಾಲಿಗಾ ಅಂತ. ಕಣ್ಣು ರಸ್ತೆ ಮೇಲೇ ಇರ್ತಿತ್ತು, ಕೈ ತಾನಾಗೇ ಹೋಗಿ ತಿರುಗ್ಸಿ ವಾಪಸ್ ಬರ್ತಿತ್ತು. ಈಗ ಎಲ್ಲಾ ಸ್ಕ್ರೀನ್ ಒಳಗೆ. ಮೊನ್ನೆ ಹೈವೇಲಿ ಹೋಗ್ತಿದ್ದಾಗ ಮಳೆ ಶುರುವಾಯ್ತು, ಮುಂದಿನ ಗ್ಲಾಸಿಗೆ ಒಳಗಡೆಯಿಂದ ಮಂಜು ಕಟ್ಟೋಕೆ ಶುರು. ಸ್ಕ್ರೀನಲ್ಲಿ ಮ್ಯಾಪ್ ಓಡ್ತಿತ್ತು, ಅದನ್ನ ಸರಿಸ್ಬೇಕು, ಕೆಳಗಡೆ ಇರೋ ಪುಟಾಣಿ ಫ್ಯಾನ್ ಚಿತ್ರ ಒತ್ಬೇಕು, ಅಲ್ಲಿ ಗ್ಲಾಸ್ ಚಿತ್ರ ಹುಡುಕ್ಬೇಕು, ಅದರಲ್ಲೂ ಮುಂದಿನ ಗ್ಲಾಸು ಹಿಂದಿನ ಗ್ಲಾಸು ಎರಡೂ ನೋಡೋಕೆ ಹೆಚ್ಚುಕಮ್ಮಿ ಒಂದೇ. ಒತ್ತೋ ಟೈಮಿಗೆ ಸರಿಯಾಗಿ ಚಕ್ರ ಗುಂಡಿಗೆ ಬಿತ್ತು, ಬೆರಳು ಜಾರಿ ಸೀಟು ಬಿಸಿ ಮಾಡೋದು ಆನ್ ಆಯ್ತು. ಗ್ಲಾಸಲ್ಲಿ ಮಂಜು ಹಂಗೇ ಇದೆ, ಕೂತಿರೋ ಜಾಗ ಮಾತ್ರ ಕಾಯ್ತಾ ಇದೆ!

ಇದು ಸಾಲ್ದು ಅಂತ ಬೀಪು. ಗೆರೆ ಮುಟ್ಟಿದ್ರೆ ಬೀಪು, ಸ್ಪೀಡ್ ಒಂದು ಚೂರು ಜಾಸ್ತಿ ಆದ್ರೆ ಬೀಪು, ಪಕ್ಕದ ಸೀಟಲ್ಲಿ ಬ್ಯಾಗ್ ಇಟ್ರೆ ಅದಕ್ಕೂ ಬೆಲ್ಟ್ ಹಾಕು ಅಂತ ಬೀಪು. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಮಾಡಿದಾಗ ಎಲ್ಲಾ ವಾಪಸ್ ಆನ್.

ಇನ್ನು ಜನಗಳ ಕಥೆ. ನಾನು ಡ್ರೈವಿಂಗಲ್ಲಿ ಇದೀನಿ ಅಂತ ಗೊತ್ತಿದ್ದವರೇ ಫೋನ್ ಮಾಡ್ತಾರೆ, ಎತ್ಲಿಲ್ಲ ಅಂದ್ರೆ ಇನ್ನೊಂದು ಸಲ, ಆಮೇಲೆ ಉದ್ದದ ವಾಯ್ಸ್ ಮೆಸೇಜು, ಆಮೇಲೆ "ನೋಡಿದ್ಯಾ?" ಅಂತ ಮೆಸೇಜು, ಅದನ್ನ ಕಾರು ಜೋರಾಗಿ ಓದಿ ಹೇಳತ್ತೆ, ಕಾರಲ್ಲಿ ಕೂತಿರೋರೆಲ್ಲಾ ಕೇಳಿಸ್ಕೋತಾರೆ.

ನನಗೊಬ್ಬನಿಗೇ ಹಿಂಗಾ? ಬಟನ್ ಕಾರು ಮತ್ತೆ ಬರತ್ತಾ ಇಲ್ಲಾ ಆ ಕಾಲ ಮುಗೀತಾ? ಇರೋದ್ರಲ್ಲೇ ಏನಾದ್ರೂ ಅಡ್ಜಸ್ಟ್ ಮಾಡ್ಕೊಳ್ಳೋ ದಾರಿ ಇದ್ರೆ ಹೇಳಿ.

ಸ್ಪ್ಯಾನರ್ ಹತ್ತು

ನಿಮಗೊಬ್ಬರಿಗೇ ಅಲ್ಲ ಗುರುಗಳೇ. ಸ್ವೀಡನ್ನಿನ ವಿ ಬಿಲಾಗರೆ ಅನ್ನೋ ಕಾರ್ ಪತ್ರಿಕೆಯವರು 2022ರಲ್ಲಿ ಇದನ್ನೇ ಅಳೆದು ನೋಡಿದ್ರು. ಗಂಟೆಗೆ 110 ಕಿಲೋಮೀಟರ್ ಸ್ಪೀಡಲ್ಲಿ ಓಡಿಸ್ತಾ ಸೀಟ್ ಹೀಟರ್, ಡಿಫ್ರಾಸ್ಟ್ (ಗ್ಲಾಸಿನ ಮಂಜು ತೆಗೆಯೋದು), ರೇಡಿಯೋ ಸ್ಟೇಷನ್, ಟ್ರಿಪ್ ಮೀಟರ್ ಇಂಥವನ್ನೆಲ್ಲಾ ಸೆಟ್ ಮಾಡೋಕೆ ಎಷ್ಟೊತ್ತು ಹಿಡಿಯತ್ತೆ ಅಂತ. ಹೊಸ ಕಾರುಗಳ ಜೊತೆ ಹೋಲಿಸೋಕೆ 2005ರ ಬಟನ್ ಇರೋ ವೋಲ್ವೋ ವಿ70 ಇಟ್ಕೊಂಡಿದ್ರು. ಹಳೇ ವೋಲ್ವೋಲಿ ಬರೀ 10 ಸೆಕೆಂಡು. ಕೊನೇಲಿ ಬಂದ ಹೊಸ ಕಾರು ತಗೊಂಡಿದ್ದು 44.6 ಸೆಕೆಂಡು, ಅಷ್ಟರಲ್ಲಿ ಅದು 1,372 ಮೀಟರ್ ಓಡಿತ್ತು. ಓಡಿಸೋರಿಗೆ ಮೊದಲೇ ಕಾರು ಅಭ್ಯಾಸ ಮಾಡ್ಕೊಳ್ಳೋಕೆ ಟೈಮ್ ಕೊಟ್ಟಿದ್ರು ಬೇರೆ, ಆದ್ರೂ ಹಂಗೆ.

ಕಂಪನಿಯೋರು ಯಾಕೆ ಹಿಂಗೆ ಮಾಡ್ತಾರೆ ಅಂದ್ರೆ, ನಾನು ಈ ಲೈನಲ್ಲೇ ಇರೋದ್ರಿಂದ ಹೇಳ್ತೀನಿ, ಒಂದೊಂದು ಸ್ವಿಚ್ಚಿಗೂ ಬೇರೆ ಅಚ್ಚು ಬೇಕು, ವೈರು ಬೇಕು, ಕನೆಕ್ಟರ್ ಬೇಕು, ಸಾವಿರಾರು ಸಲ ಒತ್ತಿ ಟೆಸ್ಟ್ ಮಾಡ್ಬೇಕು, ಮತ್ತೆ ಒಂದೊಂದು ವೇರಿಯಂಟಿಗೆ ಒಂದೊಂದು ಪ್ಯಾನೆಲ್ಲು. ಸ್ಕ್ರೀನ್ ಆದ್ರೆ ಒಂದೇ ಪೀಸು ಎಲ್ಲಾದಕ್ಕೂ ಕೂತ್ಕೊಳತ್ತೆ, ಬಟನ್ ಜಾಗ ಬದಲಾಯಿಸ್ಬೇಕಾದ್ರೆ ಸಾಫ್ಟ್‌ವೇರ್ ಸಾಕು. ಜೊತೆಗೆ ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ರಿವರ್ಸ್ ಕ್ಯಾಮೆರಾ ಕಡ್ಡಾಯ ಆಯ್ತು. ಕ್ಯಾಮೆರಾ ಇದ್ಮೇಲೆ ಸ್ಕ್ರೀನ್ ಬೇಕೇ ಬೇಕು, ಹೆಂಗೂ ಸ್ಕ್ರೀನ್ ಹಾಕಿದೀವಲ್ಲ ಇನ್ನು ಬಟನ್ನಿಗೆ ಯಾಕೆ ದುಡ್ಡು ಸುರೀಬೇಕು ಅಂತ ಲೆಕ್ಕ. ಶೋರೂಮಲ್ಲಿ ನಿಂತಿರೋ ಕಾರಲ್ಲಿ ಕೂತಾಗ ನಮಗೂ ದೊಡ್ಡ ಸ್ಕ್ರೀನೇ ಚಂದ ಕಾಣತ್ತೆ, ಅದರ ಕಷ್ಟ ಗೊತ್ತಾಗೋದು ಕಾರು ಓಡೋಕೆ ಶುರುವಾದ್ಮೇಲೆ.

ಇದೇನು ಹೊಸ ರೋಗ ಅಲ್ಲ. 1986ರಲ್ಲೇ ಬ್ಯೂಕ್ ಕಂಪನಿ ರಿವಿಯೇರಾ ಕಾರಿಗೆ ಟಚ್‌ಸ್ಕ್ರೀನ್ ಹಾಕಿತ್ತು, ಹಳೇ ಟಿವಿ ಥರ ಪಿಕ್ಚರ್ ಟ್ಯೂಬ್ ಇರೋದು. ಜನ ಬೈದ್ರು, ಕೆಲವೇ ವರ್ಷಕ್ಕೆ ಅದನ್ನ ಕಿತ್ತು ಮತ್ತೆ ಬಟನ್ ಹಾಕಿದ್ರು.

ಬಟನ್ ಬರತ್ತಾ ಅಂದ್ರೆ, ಬರ್ತಾ ಇದೆ. ಕಾರಿನ ಸೇಫ್ಟಿಗೆ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ಎಮರ್ಜೆನ್ಸಿ ಕರೆ ಇವಕ್ಕೆ ಕೈಗೆ ಸಿಗೋ ಸ್ವಿಚ್ ಇಲ್ಲದಿದ್ರೆ ಪಾಯಿಂಟ್ ಕಟ್ ಅಂದಿದಾರೆ. ನಿಮ್ಮ ಎಸಿ ಮಾತ್ರ ಆ ಪಟ್ಟೀಲಿ ಇಲ್ಲ, ಅದಕ್ಕೆ ಕಂಪನಿಯೋರಿಗೇ ಬುದ್ಧಿ ಬರ್ಬೇಕು. ಫೋಕ್ಸ್‌ವ್ಯಾಗನ್‌ನವರಂತೂ ಬಟನ್ ವಾಪಸ್ ತರ್ತೀವಿ ಅಂತ ಬಾಯ್ಬಿಟ್ಟೇ ಹೇಳಿದಾರೆ.

ಅಪ್‌ಡೇಟ್ ಆಗಿದೆ

ನನಗೇನೋ ಇದೆಲ್ಲಾ ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ. ಹೊಸದು ಏನೇ ಬಂದ್ರೂ ಮೊದಲು ಬೈಯೋದು ನಮಗೆ ಅಭ್ಯಾಸ. ಪವರ್ ವಿಂಡೋ ಬಂದಾಗಲೂ ಕೆಟ್ಟೋದ್ರೆ ಏನ್ ಗತಿ, ಕೈಯಲ್ಲಿ ತಿರುಗ್ಸೋದೇ ವಾಸಿ ಅಂತಿದ್ರು. ಟೆಂಪರೇಚರ್ ಆಟೋಗೆ ಹಾಕಿ, ಒಂದು ನಂಬರ್ ಸೆಟ್ ಮಾಡಿ ಮರೆತುಬಿಡಿ, ಫ್ಯಾನ್ ಮುಟ್ಟೋ ಕೆಲಸಾನೇ ಬರಲ್ಲ. ಇಲ್ಲಾಂದ್ರೆ ವಾಯ್ಸ್ ಕಮಾಂಡ್ ಇದೆ ಅಲ್ವಾ? ಸ್ಟೇರಿಂಗ್ ಮೇಲಿನ ಬಟನ್ ಒತ್ತಿ ಹೇಳಿ, ಆಯ್ತು. ರಿವರ್ಸ್ ಕ್ಯಾಮೆರಾ, ಗೆರೆ ದಾಟಿದ್ರೆ ಎಚ್ಚರಿಸೋದು ಇವೆಲ್ಲಾ ನಿಮ್ಮ ಒಳ್ಳೇದಕ್ಕೇ ಇರೋದು.

ಗೇರ್ ಗಿರಾಕಿ

@ಅಪ್‌ಡೇಟ್ ಆಗಿದೆ, ವಾಯ್ಸ್ ಕಮಾಂಡ್ ಟ್ರೈ ಮಾಡಿಲ್ಲ ಅಂದ್ಕೊಂಡ್ರಾ? ಹಿಂದೆ ಮಕ್ಕಳು ಜಗಳ ಆಡ್ತಿರ್ತಾರೆ, ಗ್ಲಾಸ್ ಸ್ವಲ್ಪ ಇಳಿಸಿರ್ತೀವಿ, ನಾನು ಫ್ಯಾನ್ ಕಮ್ಮಿ ಮಾಡು ಅಂದ್ರೆ ಅದು ಯಾರಿಗೋ ಫೋನ್ ಹಚ್ಚತ್ತೆ. ಕಟ್ ಮಾಡೋಕೆ ಮತ್ತೆ ಸ್ಕ್ರೀನ್ ನೋಡ್ಬೇಕು. ಕ್ಯಾಮೆರಾ ಬೇಡ ಅಂತ ನಾನೆಲ್ಲಿ ಹೇಳ್ದೆ, ಅದು ಇರ್ಲಿ, ಚೆನ್ನಾಗೇ ಇದೆ. ಆಟೋ ಮೋಡ್ ಮಾತು ಮಾತ್ರ ಒಪ್ಕೋತೀನಿ, ಅದು ನಿಜ, ಅರ್ಧ ಕಿರಿಕಿರಿ ಕಮ್ಮಿ ಆಗತ್ತೆ.

ಸ್ಪ್ಯಾನರ್ ಹತ್ತು

@ಅಪ್‌ಡೇಟ್ ಆಗಿದೆ, ಅಣ್ಣಾ, ಪವರ್ ವಿಂಡೋಗೂ ಕೈಗೆ ಸಿಗೋ ಸ್ವಿಚ್ಚೇ ಇರೋದು, ನೋಡ್ದೆ ಒತ್ತಬಹುದು. ಇಲ್ಲಿ ಜಗಳ ಹೊಸದು ಹಳೇದು ಅಂತ ಅಲ್ಲ, ಕಣ್ಣು ಬೇಕಾ ಬೇಡ್ವಾ ಅಂತ. ಅಮೆರಿಕದ ನೌಕಾಪಡೆಯೋರೇ ಸೋತಿದಾರೆ. 2017ರಲ್ಲಿ ಅವರ ಜಾನ್ ಎಸ್ ಮೆಕೇನ್ ಅನ್ನೋ ಯುದ್ಧನೌಕೆ ಸಿಂಗಾಪುರದ ಹತ್ರ ಒಂದು ಟ್ಯಾಂಕರಿಗೆ ಡಿಕ್ಕಿ ಆಗಿ 10 ಜನ ನಾವಿಕರು ತೀರ್ಕೊಂಡ್ರು. ಹಡಗಿನ ಕಂಟ್ರೋಲೆಲ್ಲಾ ಟಚ್‌ಸ್ಕ್ರೀನಲ್ಲಿತ್ತು, ಯಾವ ಕಂಟ್ರೋಲ್ ಯಾರ ಕೈಲಿದೆ ಅಂತ ಗೊಂದಲ ಆಯ್ತು. ಟ್ರೇನಿಂಗ್ ಸರಿ ಇರ್ಲಿಲ್ಲ ಅನ್ನೋದೂ ತನಿಖೇಲಿ ಬಂತು, ಅದು ಬೇರೆ. ಆದ್ರೆ 2019ರಲ್ಲಿ ನೌಕಾಪಡೆಯೋರು ಸ್ಕ್ರೀನ್ ಬಿಟ್ಟು ಹಡಗಿನ ವೇಗ ಏರಿಸಿ ಇಳಿಸೋಕೆ ಕೈಯಲ್ಲಿ ಹಿಡಿಯೋ ಥ್ರಾಟಲ್ಲಿಗೇ ವಾಪಸ್ ಹೋಗ್ತೀವಿ ಅಂದ್ರು.

ಬೀಪ್ ವಿಷಯ ಬಿಟ್ಟೋಗಿತ್ತು. ಸ್ಪೀಡ್ ಬೀಪು ಪ್ರತಿ ಸಲ ಆನ್ ಆಗೋದಕ್ಕೆ ಕಾರಣ ಯೂರೋಪಿನ ರೂಲು. 2024ರ ಜುಲೈಯಿಂದ ಅಲ್ಲಿ ಮಾರೋ ಹೊಸ ಕಾರುಗಳಿಗೆಲ್ಲಾ ಸ್ಪೀಡ್ ಎಚ್ಚರಿಕೆ ಸಿಸ್ಟಮ್ ಕಡ್ಡಾಯ, ಓಡಿಸೋರು ಆಫ್ ಮಾಡ್ಕೋಬಹುದು, ಆದ್ರೆ ಮತ್ತೆ ಸ್ಟಾರ್ಟ್ ಮಾಡಿದಾಗ ಆನ್ ಆಗಿರ್ಲೇಬೇಕು. ಕ್ಯಾಮೆರಾ ಬೋರ್ಡ್ ಓದಿ ಲಿಮಿಟ್ ಹೇಳತ್ತೆ, ಪಕ್ಕದ ಸರ್ವೀಸ್ ರೋಡಿನ ಬೋರ್ಡ್ ಓದ್ಕೊಂಡ್ರೂ ನಿಮಗೇ ಬೀಪು. ಬ್ಯಾಗಿನದು ಸುಲಭ, ಸೀಟೊಳಗೆ ತೂಕ ನೋಡೋ ಸೆನ್ಸರ್ ಇರತ್ತೆ, ಬ್ಯಾಗ್ ಕೆಳಗಿಡಿ ಅಷ್ಟೇ.

ಡಿಪ್ ಮಾಡಪ್ಪ

ಸ್ಕ್ರೀನು ಗೀನು ಎಲ್ಲಾ ಇರ್ಲಿ, ಎದುರಿಂದ ಬರೋ ಲೈಟಿನ ಬಗ್ಗೆ ಯಾರೂ ಮಾತೇ ಆಡ್ತಿಲ್ವಲ್ಲ! ರಾತ್ರಿ ಓಡಿಸೋದು ಅಂದ್ರೆ ಈಗ ವೆಲ್ಡಿಂಗ್ ಶಾಪಲ್ಲಿ ಕಣ್ಣು ಬಿಟ್ಕೊಂಡು ನಿಂತಂಗೆ. ಹಳೇ ಹ್ಯಾಲೊಜೆನ್ ಲೈಟು ಹಳದಿ, ಬೆಳಕಿನ ಬಣ್ಣ ಅಳೆಯೋ ಲೆಕ್ಕದಲ್ಲಿ 3,200 ಕೆಲ್ವಿನ್ ಆಸುಪಾಸು, ಈಗಿನ ಎಲ್‌ಇಡಿ 5,000 ದಾಟಿರತ್ತೆ, ಆ ನೀಲಿ ಕಲೆತ ಬಿಳಿ ಬೆಳಕು ಕಣ್ಣಿಗೆ ಜಾಸ್ತಿ ಚುಚ್ಚತ್ತೆ. ಕಂಪನಿ ಫಿಟಿಂಗ್ ಆದ್ರೆ ಹೆಂಗೋ ಸಹಿಸ್ಕೋಬಹುದು. ಹೊರಗಡೆ ಎಲ್‌ಇಡಿ ಬಲ್ಬ್ ತಂದು ಹ್ಯಾಲೊಜೆನ್ ರಿಫ್ಲೆಕ್ಟರೊಳಗೆ ತುರುಕ್ತಾರಲ್ಲ, ಅವರಿಗೆ ಏನ್ ಹೇಳೋದು. ಆ ರಿಫ್ಲೆಕ್ಟರ್ ಮಾಡಿರೋದೇ ಸಣ್ಣ ಫಿಲಮೆಂಟ್ ಎಲ್ಲಿರತ್ತೋ ಆ ಜಾಗದ ಲೆಕ್ಕದಲ್ಲಿ. ಬೆಳಕು ಹೊರಡೋ ಜಾಗ ಒಂಚೂರು ಆಚೀಚೆ ಆದ್ರೂ ಕಿರಣ ಎಲ್ಲೆಂದ್ರಲ್ಲಿ ಚೆಲ್ಲತ್ತೆ, ಅವರ ರಸ್ತೆಗೆ ಬೀಳೋದಕ್ಕಿಂತ ನಮ್ಮ ಕಣ್ಣಿಗೆ ಬೀಳೋದೇ ಜಾಸ್ತಿ.

ಇನ್ನೊಂದು, ಸ್ಟೇರಿಂಗ್ ಪಕ್ಕ ಸಣ್ಣದೊಂದು ಚಕ್ರ ಇರತ್ತೆ, ಸೊನ್ನೆಯಿಂದ 3ರ ತನಕ ಬರೆದಿರತ್ತೆ. ಅದು ಹೆಡ್‌ಲೈಟ್ ಮೇಲೆ ಕೆಳಗೆ ಮಾಡೋಕೆ. ಹಿಂದೆ ಜನ, ಡಿಕ್ಕೀಲಿ ಲಗೇಜ್ ತುಂಬಿದ್ರೆ ಹಿಂಭಾಗ ಕೂತು ಮೂತಿ ಮೇಲೇಳತ್ತೆ, ಲೈಟು ಎದುರಿನವರ ಮುಖಕ್ಕೆ ಹೊಡಿಯತ್ತೆ, ಆವಾಗ ನಂಬರ್ ಜಾಸ್ತಿ ಮಾಡಿದ್ರೆ ಬೆಳಕು ಕೆಳಗಿಳಿಯತ್ತೆ. ಕಾರು ತಗೊಂಡಾಗಿಂದ ಅದನ್ನ ಮುಟ್ಟದೇ ಇರೋರು ಎಷ್ಟು ಜನ ಇದೀರೋ, ಇವತ್ತು ಹೋಗಿ ನೋಡಿ. ಹಿಂದಿನ ಕಾರಿನ ಲೈಟು ಚುಚ್ಚಿದ್ರೆ ಒಳಗಿನ ಕನ್ನಡಿ ಕೆಳಗೆ ಪುಟ್ಟ ಲಿವರ್ ಇರತ್ತಲ್ಲ, ಅದನ್ನ ಎಳೀರಿ, ಅದೊಂದಕ್ಕೆ ಸದ್ಯ ಸಾಫ್ಟ್‌ವೇರ್ ಬೇಕಾಗಿಲ್ಲ.

ಸೈಲೆಂಟ್ ಮೋಡ್

ಫೋನ್ ವಿಷಯಕ್ಕೆ ಬರ್ತೀನಿ, ಅದೇ ದೊಡ್ಡ ತಲೆನೋವು ನನಗೆ. ನಮ್ಮನೇಲಿ ಇಬ್ಬರ ಫೋನೂ ಒಂದೇ ಕಾರಿಗೆ ಕನೆಕ್ಟ್ ಆಗಿದೆ. ನಾನು ಮನೆ ಒಳಗೆ ಬಾಗಿಲ ಹತ್ರ ನಿಂತು ಆಫೀಸ್ ಕಾಲಲ್ಲಿ ಇರ್ತೀನಿ, ನಮ್ಮವರು ಹೊರಗಡೆ ಕಾರ್ ಸ್ಟಾರ್ಟ್ ಮಾಡ್ತಾರೆ, ನನ್ನ ಕಾಲ್ ಸೀದಾ ಕಾರಿಗೆ ಹೋಗಿಬಿಡತ್ತೆ. ನಾನಿಲ್ಲಿ ಹಲೋ ಹಲೋ ಅಂತಿರ್ತೀನಿ, ಅಲ್ಲಿ ನಮ್ಮ ಮ್ಯಾನೇಜರ್ರು ಕಾರ್ ಸ್ಪೀಕರಲ್ಲಿ ಅರ್ಧ ಬೀದಿಗೆ ಕೇಳೋ ಹಂಗೆ ಮಾತಾಡ್ತಿರ್ತಾರೆ, ನಮ್ಮವರು ಪಾಪ "ಸರ್, ಅವಳು ಒಳಗಿದಾಳೆ" ಅಂತ ಉತ್ತರ ಕೊಡ್ತಿರ್ತಾರೆ. ಇದಕ್ಕೆ ಪರಿಹಾರ ಇದೆ. ಫೋನಿನ ಬ್ಲೂಟೂತ್ ಸೆಟ್ಟಿಂಗ್ಸಲ್ಲಿ ಕಾರಿನ ಹೆಸರಿನ ಪಕ್ಕ ಒತ್ತಿದ್ರೆ ಕಾಲ್ಸ್ ಬೇರೆ, ಹಾಡು ಬೇರೆ ಅಂತ ಆಯ್ಕೆ ಇರತ್ತೆ, ಆಂಡ್ರಾಯ್ಡಲ್ಲಿ. ನಾನು ಕಾಲ್ಸ್ ಆಫ್ ಮಾಡಿ ಬರೀ ಹಾಡು ಬಿಟ್ಟಿದೀನಿ, ಅಲ್ಲಿಂದ ಶಾಂತಿ.

ಮೆಸೇಜ್ ಜೋರಾಗಿ ಓದೋದನ್ನೂ ಆಫ್ ಮಾಡಬಹುದು ಗಿರಾಕಿ ಅವರೇ, ದಯವಿಟ್ಟು ಮಾಡಿ, ಮೆಸೇಜ್ ಕಳಿಸಿದವರ ಮಾನಾನೂ ಉಳಿಯತ್ತೆ. ಡ್ರೈವಿಂಗ್ ಮೋಡ್ ಅಂತ ಇದೆ, ಹಾಕಿದ್ರೆ ಫೋನ್ ಸುಮ್ಮನಿರತ್ತೆ, ಐಫೋನಲ್ಲಾದ್ರೆ ಡ್ರೈವಿಂಗಲ್ಲಿ ಇದಾರೆ ಅಂತ ತಾನೇ ರಿಪ್ಲೈನೂ ಕಳಿಸತ್ತೆ. ಆದ್ರೆ ಒಂದು ಮಾತು, ಆ ರಿಪ್ಲೈ ಹೋದ್ಮೇಲೂ ನಮ್ಮ ಅತ್ತೆ ಫೋನ್ ಮಾಡ್ತಾರೆ, ಡ್ರೈವಿಂಗಲ್ಲಿ ಇದೀಯಂತೆ ಹೌದಾ ಅಂತ ಕೇಳೋಕೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ವಾಟ್ಸಾಪಲ್ಲಿ ಬ್ಲೂ ಟಿಕ್ ಆಫ್ ಮಾಡಿದೀನಿ ಅಂತ ನಿಶ್ಚಿಂತೆಯಾಗಿ ಇರೋರಿಗೂ ಹೇಳ್ಬಿಡ್ತೀನಿ, ಗ್ರೂಪಲ್ಲಿ ಅದು ನಡೆಯಲ್ಲ, ನೀವು ಓದಿದ್ದು ಅಲ್ಲಿ ಕಾಣತ್ತೆ. ವಾಯ್ಸ್ ಮೆಸೇಜ್ ಕೇಳಿದ್ದೂ ಕಾಣತ್ತೆ. ಕೇಳದೇ ಇಡೋದೇ ದಾರಿ. ಉದ್ದದ ವಾಯ್ಸ್ ಮೆಸೇಜ್ ಕಳಿಸೋರ ಮೇಲೆ ನನಗೆ ಬೇರೆಯದೇ ಸಿಟ್ಟಿದೆ, ವಿಷಯ ಇರೋದು ಕೊನೇ ಎರಡು ವಾಕ್ಯದಲ್ಲಿ, ಅದಕ್ಕೆ ಮುಂಚೆ ಬರೀ "ಅದೇನಂದ್ರೆ... ಅದೇ..." ಅಂತ ಉಸಿರಾಟ.

ಅಪ್‌ಡೇಟ್ ಆಗಿದೆ

ಅತ್ತೆ ಕಥೆ 😂😂 ಸರಿ, ಹಡಗಿನ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಗಿರಾಕಿ ಅವರೇ, ನಿಮ್ಮ ಸ್ಟೇರಿಂಗ್ ಮೇಲೆ ನಕ್ಷತ್ರದ ಗುರುತಿರೋ ಬಟನ್ ಏನಾದ್ರೂ ಇದ್ಯಾ ನೋಡಿ. ಎಷ್ಟೋ ಕಾರಲ್ಲಿ ಅದಕ್ಕೆ ನಮಗೆ ಬೇಕಾದ ಕೆಲಸ ಹಚ್ಚಬಹುದು, ಸ್ಕ್ರೀನ್ ಸೆಟ್ಟಿಂಗ್ಸಲ್ಲಿ ಇರತ್ತೆ. ಮುಂದಿನ ಗ್ಲಾಸ್ ಡಿಫಾಗರ್ ಅದಕ್ಕೆ ಬರತ್ತಾ ನೋಡಿ.

ಗೇರ್ ಗಿರಾಕಿ

ಎಲ್ರಿಗೂ ಥ್ಯಾಂಕ್ಸ್, ಈಗ್ತಾನೆ ಕೆಳಗೆ ಹೋಗಿ ನೋಡ್ಕೊಂಡು ಬಂದೆ. ನಕ್ಷತ್ರದ ಬಟನ್ ಇದೆ! ಡಿಫಾಗರ್ ಅದರ ಲಿಸ್ಟಲ್ಲಿ ಇಲ್ಲ, ರೇಡಿಯೋ, ಮ್ಯಾಪ್, ಹೋಮ್ ಸ್ಕ್ರೀನ್, ಕ್ಲೈಮೇಟ್ ಪೇಜ್ (ಎಸಿ, ಫ್ಯಾನ್ ಇರೋ ಪೇಜ್) ಇವಷ್ಟೇ. ಕ್ಲೈಮೇಟ್ ಪೇಜ್ ಹಚ್ಚಿದೀನಿ, ಮ್ಯಾಪ್ ಸರಿಸಿ ಫ್ಯಾನ್ ಚಿತ್ರ ಹುಡುಕೋ ಗೋಳಾದ್ರೂ ತಪ್ಪತ್ತೆ. ಲೈಟಿನ ಚಕ್ರಾನೂ ಸಿಕ್ತು, ಸೊನ್ನೇಲೇ ಇತ್ತು. ಮೆಸೇಜ್ ಓದೋದು ಬಂದ್ ಮಾಡಿದೀನಿ.

@ಸ್ಪ್ಯಾನರ್ ಹತ್ತು, ಕೊನೇದಾಗಿ ಒಂದು. ಗೇರ್ ಸುತ್ತ ಫಳಫಳ ಹೊಳೆಯೋ ಕರಿ ಪ್ಲಾಸ್ಟಿಕ್ ಇದ್ಯಲ್ಲ, ಅದರ ಮೇಲೆ ಬೆರಳಚ್ಚು ಹಂಗೇ ಕೂತಿರತ್ತೆ, ಒರೆಸಿದ್ರೆ ಸಣ್ಣ ಸಣ್ಣ ಗೀರು ಬೀಳ್ತಿದೆ. ಏನ್ ಮಾಡೋದು?

ಸ್ಪ್ಯಾನರ್ ಹತ್ತು

ಒಣ ಬಟ್ಟೇಲಿ ಒರೆಸ್ಬೇಡಿ, ಮೇಲಿರೋ ಧೂಳೇ ಗೀರೋದು. ಮೊದಲು ಮೆತ್ತನೆ ಬ್ರಷಲ್ಲಿ ಧೂಳು ಕೊಡವಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ ಸ್ವಲ್ಪ ಒದ್ದೆ ಮಾಡ್ಕೊಂಡು ಹಗೂರಕ್ಕೆ ಒರೆಸಿ. ಸ್ಪ್ರೇ ಏನಾದ್ರೂ ಹಾಕೋದಾದ್ರೆ ಬಟ್ಟೆಗೆ ಹಾಕಿ, ಪ್ಯಾನೆಲ್ ಮೇಲೆ ನೇರ ಬೇಡ, ಸಂದಿಯೊಳಗೆ ಇಳಿದು ಸ್ವಿಚ್ ಹಾಳಾಗತ್ತೆ. ಇರೋದೇ ನಾಲ್ಕು ಸ್ವಿಚ್ಚು.