ಅಪ್‌ಡೇಟ್: ಮಗನ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮಾತ್ರೆ ಬೇಕಾ ಅಂತ ಕೇಳಿದ್ದೆ

ನಾಲ್ಕೂವರೆ ವರ್ಷದ ಮಗನಿಗೆ ಈಗಲೇ ಮಾತ್ರೆ ಶುರು ಮಾಡಬೇಕಾ ಅಂತ ಶಿರಸಿಯಿಂದ ಕೇಳಿದ್ದೆ. ಸದ್ಯಕ್ಕೆ ಬೇಡ ಅಂದರು ಡಾಕ್ಟರು. ಆರು ವರ್ಷದೊಳಗಿನವರಿಗೆ ಮೊದಲು ಮಗುವಿನ ನಡವಳಿಕೆ ನಿಭಾಯಿಸೋಕೆ ತಂದೆ-ತಾಯಿಗೇ ತರಬೇತಿ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ತಪ್ಪೆಲ್ಲ ನನ್ನದೇ ಅಂದಹಾಗೆ ಕೇಳಿಸಿ ಅವತ್ತು ಅತ್ತುಬಿಟ್ಟೆ. ಹಾಗಲ್ಲ ಅಂತ ಈಗ ಗೊತ್ತಾಗಿದೆ.

ಮೊದಲೆಲ್ಲ ಅಡುಗೆಮನೆಯಿಂದಲೇ "ಓಡಬೇಡ, ಮುಟ್ಟಬೇಡ" ಅಂತ ಕೂಗುತ್ತಿದ್ದೆ. ಈಗ ತರಬೇತಿಯಲ್ಲಿ ಕಲಿತ ಹಾಗೆ ಹತ್ತಿರ ಹೋಗಿ, ಕೂತು, ಮುಖ ನೋಡಿ ಒಂದೇ ಮಾತು: "ಚಪ್ಪಲಿ ಜಗಲಿ ಕೆಳಗಿಡು." ಇಟ್ಟ ಕೂಡಲೇ "ಹೇಳಿದ ತಕ್ಷಣ ಇಟ್ಟೆ, ಚೊಲೋ ಆತು" ಅನ್ನುತ್ತೇನೆ. ನಿನ್ನೆ ಅಂಗಳದಲ್ಲಿ ಒಣಹಾಕಿದ ಅಡಿಕೆ ತುಳಿಯದೆ ಸುತ್ತಿ ಬಂದ!

ಮಗ ಅತ್ತರೆ ನಮ್ಮ ಅತ್ತೆಯವರು ಬೆಲ್ಲ ಕೊಟ್ಟುಬಿಡುತ್ತಾರೆ. ಮುಂದಿನ ಸಲ ತರಬೇತಿಗೆ ಅವರನ್ನೂ ಕರೆದೊಯ್ಯುತ್ತೇನೆ. ಊಟಕ್ಕೆ ಕೂರುವುದು ಮಾತ್ರ ಇನ್ನೂ ಆಗಿಲ್ಲ.