ಅಣ್ಣನ ಹಳೆಯ ಪೋಕೆಮಾನ್ ಎಮರಾಲ್ಡ್: ಬ್ಯಾಟರಿ ಬದಲಿಸಿದರೆ ಅವನ ಆಟ ಅಳಿಸಿಹೋಗುತ್ತದೆಯೇ?

ಒಣಮೀನು (ಪ್ರಶ್ನೆ ಕೇಳಿದವರು):

ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ, ಪ್ರಾಣಿಶಾಸ್ತ್ರ. ಊರು ಕುಂದಾಪುರದ ಹತ್ತಿರ. ದೀಪಾವಳಿಗೆ ಮನೆಗೆ ಹೋದಾಗ ಅಟ್ಟದ ಮೇಲಿನ ತಗಡಿನ ಡಬ್ಬದಲ್ಲಿ, ಯಕ್ಷಗಾನದ ಹಳೆಯ ಕ್ಯಾಸೆಟ್ಟುಗಳ ಅಡಿಯಲ್ಲಿ, ಅಣ್ಣನ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಸಿಕ್ಕಿತು. ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ 2006ರಲ್ಲಿ ತಂದುಕೊಟ್ಟದ್ದು. ಆಗ ನನಗೆ ಒಂದು ವರ್ಷ, ಅಣ್ಣನಿಗೆ ಹನ್ನೆರಡು. ಮಡಚಿದರೆ ಅಂಗೈಯಲ್ಲಿ ಅಡಗುತ್ತದೆ. ಅದರ ಎ ಗುಂಡಿ ಅಣ್ಣನ ಹೆಬ್ಬೆರಳಿಗೆ ಸವೆದು ಹುಣಸೆ ಬೀಜದಷ್ಟು ನುಣುಪಾಗಿದೆ.

ಹೊಸ ಚಾರ್ಜರ್ ತರಿಸಿ ಸಿಕ್ಕಿಸಿದೆ. ಹೊತ್ತಿಕೊಂಡಿತು! ಒಳಗಿದ್ದದ್ದು ಪೋಕೆಮಾನ್ ಎಮರಾಲ್ಡ್, ಪೋಕೆಮಾನ್ ಎಂಬ ಜೀವಿಗಳನ್ನು ಹಿಡಿದು ತಂಡ ಕಟ್ಟಿ ಕಾದಾಡಿಸುವ ಆಟ. ಮೊದಲು ಬಂದದ್ದೇ ಒಂದು ಎಚ್ಚರಿಕೆ: ಒಳಗಿನ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಆದರೆ ಗಡಿಯಾರಕ್ಕೆ ಸಂಬಂಧಿಸಿದ್ದು ಯಾವುದೂ ನಡೆಯುವುದಿಲ್ಲ. ಅದನ್ನು ದಾಟಿ ಒಳಗೆ ಹೋದರೆ ಅಣ್ಣನ ಆಟ ಹಾಗೆಯೇ ಇದೆ. 212 ಗಂಟೆ, ಎಂಟೂ ಬ್ಯಾಡ್ಜ್. ತಂಡದಲ್ಲಿ ಮೊದಲು ನಿಂತಿದ್ದ ಸ್ವಾಂಪರ್ಟ್‌ನ ಹೆಸರು ‘ಬಂಗುಡೆ’. ಒಂದು ಸರದಿ ಹೊಡೆದು ಮುಂದಿನ ಸರದಿ ಬಿದ್ದುಕೊಳ್ಳುವ ಸ್ಲೇಕಿಂಗ್‌ಗೆ ‘ದೊಡ್ಡಮಾವ’ ಎಂದು ಹೆಸರಿಟ್ಟಿದ್ದಾನೆ. ನಮ್ಮ ದೊಡ್ಡಮಾವನನ್ನು ಕಂಡವರಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ರೂಟ್ 123ರ ಮಣ್ಣಿನಲ್ಲಿ ಅವನು ನೆಟ್ಟ ಸಿಟ್ರಸ್ ಬೆರ್ರಿಗಳು ಇನ್ನೂ ಮೊಳಕೆಯಾಗಿಯೇ ನಿಂತಿವೆ. ಅವನು ಪಿಯುಸಿಯಲ್ಲಿದ್ದಾಗ ನೆಟ್ಟಿರಬೇಕು. ಈಗ ಅವನಿಗೆ ತಲೆಕೂದಲು ಉದುರಲು ಶುರುವಾಗಿದೆ.

ಸಮಸ್ಯೆ ಏನೆಂದರೆ ಈ ಆಟದಲ್ಲಿ ಒಂದೇ ಸೇವ್ ಇಡಬಹುದು. ನಾನು ಹೊಸದಾಗಿ ಶುರುಮಾಡಬಹುದು, ಆದರೆ ಸೇವ್ ಮಾಡಿದ ಗಳಿಗೆಯಲ್ಲಿ ಬಂಗುಡೆಯೂ ದೊಡ್ಡಮಾವನೂ ಇಲ್ಲವಾಗುತ್ತಾರೆ. ಹಾಗಾಗಿ ಸೇವ್ ಮಾಡದೆಯೇ ಆಡಿದೆ. ಹೌದು, ನಗಬೇಡಿ. ಎರಡು ದಿನ ಯಂತ್ರವನ್ನು ಆರಿಸಲೇ ಇಲ್ಲ. ಪಿ.ಜಿ.ಯಲ್ಲಿ ಚಾರ್ಜರ್ ಸಿಕ್ಕಿಸಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ, ಸ್ನಾನಕ್ಕೆ ಹೋಗುವಾಗ ಮುಟ್ಟಬೇಡವೆಂದು ಜೊತೆಗಾತಿಗೆ ಹೇಳಿ ಹೋದೆ. ರೂಟ್ 113ರಲ್ಲಿ ಬೂದಿಯ ಮಳೆ ಬೀಳುತ್ತದೆ. ಹುಲ್ಲೆಲ್ಲ ಬೂದಿ ಬಡಿದು ನಿಂತಿರುತ್ತದೆ, ನಾವು ನಡೆದಲ್ಲಿ ಮಾತ್ರ ಬೂದಿ ಉದುರಿ ಹುಲ್ಲಿನ ಬಣ್ಣ ಹೊರಬರುತ್ತದೆ. ಗಾಜಿನ ಕೆಲಸದವನು ಒಂದು ಚೀಲ ಕೊಡುತ್ತಾನೆ, ಬೂದಿ ತುಂಬಿಸಿ ತಂದರೆ ಅದರಿಂದ ಕೊಳಲು ಮಾಡಿಕೊಡುತ್ತಾನೆ. ಆಟದ ಕತೆ ಬೇರೆಲ್ಲೋ ನನಗಾಗಿ ಕಾಯುತ್ತಿತ್ತು. ನಾನು ಮಾತ್ರ ಒಂದು ಹುಲ್ಲನ್ನೂ ಬಿಡದೆ, ಅಂಗಳ ಗುಡಿಸುವವಳ ಹಾಗೆ, ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದೆ.

ಶನಿವಾರ ಊರಿಗೆ ಹೊರಟ ಬಸ್ಸಿನಲ್ಲೂ ಆಡುತ್ತಿದ್ದೆ. ಬ್ರಹ್ಮಾವರದಲ್ಲಿ ದೀಪ ಕೆಂಪಾಯಿತು. ಸಾಲಿಗ್ರಾಮ ದಾಟುವಷ್ಟರಲ್ಲಿ ಪರದೆ ಕಪ್ಪಾಯಿತು. ನನ್ನ ನಿಂಕಾಡ ಎಂಬ ಪೋಕೆಮಾನ್ 19ನೇ ಲೆವೆಲ್‌ನಲ್ಲಿತ್ತು. ಇನ್ನೊಂದೇ ಒಂದು ಲೆವೆಲ್ ಬಾಕಿ.

ಅಣ್ಣ ಈಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿ ಕೇಳಿದರೆ ‘ಅಳಿಸಿಬಿಡು ಮಾರಾಯ್ತಿ, ಅದಕ್ಕೇನು ಅಷ್ಟು’ ಎಂದ. ನನಗೆ ಮನಸ್ಸು ಬರುತ್ತಿಲ್ಲ. ಕೇಳುವುದು ಇಷ್ಟೇ: ಒಳಗಿನ ಬ್ಯಾಟರಿ ತೆಗೆದರೆ ಅವನ ಸೇವ್ ಹೋಗುತ್ತದೆಯೇ? ಅದನ್ನು ಬೇರೆಲ್ಲಾದರೂ ಎತ್ತಿಟ್ಟು ನಾನು ಹೊಸದಾಗಿ ಆಡಲು ದಾರಿ ಇದೆಯೇ?

ಮೊದಲ ಬೆಂಚು:

ಮೊಬೈಲ್‌ನಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರದ ಆಟಗಳನ್ನು ನಡೆಸುವ ಆ್ಯಪ್) ಹಾಕಿಕೊಂಡರೆ ಮುಗಿಯಿತಲ್ಲ. ಎಲ್ಲಿ ಬೇಕೋ ಅಲ್ಲಿ ಸೇವ್, ನಾಲ್ಕು ಪಟ್ಟು ವೇಗ. ಇಪ್ಪತ್ತು ವರ್ಷ ಹಳೆಯ ಡಬ್ಬಿಗೆ ಇಷ್ಟು ಗೋಳೇಕೆ? ಅಂದ ಹಾಗೆ ಸೆಮಿಸ್ಟರ್ ಪರೀಕ್ಷೆ ಯಾವಾಗ?

ಬೆಸುಗೆಗಾರ:

ಬೆಂಗಳೂರಿನಲ್ಲಿ ಹಳೆಯ ಗೇಮ್ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ, ಹೊಟ್ಟೆಪಾಡಿಗಲ್ಲ, ಹುಚ್ಚಿಗೆ. ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ: ನಿಮ್ಮ ಕಾರ್ಟ್ರಿಜ್, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಬಿಲ್ಲೆ, ಅಸಲಿಯೋ ನಕಲಿಯೋ. ಉತ್ತರ ಪೂರ್ತಿ ಅದರ ಮೇಲೆ ನಿಂತಿದೆ.

ಅಸಲಿಯಾದರೆ ಹೆದರಬೇಕಾಗಿಲ್ಲ. ರೂಬಿ, ಸಫೈರ್, ಎಮರಾಲ್ಡ್ ಮೂರರಲ್ಲೂ ಸೇವ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ವಿದ್ಯುತ್ ಇಲ್ಲದಿದ್ದರೂ ಅಳಿಯುವುದಿಲ್ಲ. ಬ್ಯಾಟರಿ ಗಡಿಯಾರವನ್ನು ಓಡಿಸುತ್ತದೆ, ಅಷ್ಟೇ. ಆದ್ದರಿಂದಲೇ ಬ್ಯಾಟರಿ ಸತ್ತು ಎಷ್ಟೋ ವರ್ಷವಾದರೂ ನಿಮ್ಮ ದೊಡ್ಡಮಾವ ಕ್ಷೇಮವಾಗಿದ್ದಾರೆ. ಜನರಿಗೆ ಭಯ ಹುಟ್ಟಿರುವುದು ಅದಕ್ಕಿಂತ ಹಿಂದಿನ ಗೋಲ್ಡ್, ಸಿಲ್ವರ್ ಆಟಗಳಿಂದ. ಅವುಗಳಲ್ಲಿ ಸೇವ್ ಹಿಡಿದಿಡುವುದೇ ಬ್ಯಾಟರಿ, ತೆಗೆದರೆ ಎಲ್ಲವೂ ಹೋಯಿತು. ನಕಲಿ ಎಮರಾಲ್ಡ್‌ಗಳಲ್ಲಿ ಎಷ್ಟೋ ಹಾಗೆಯೇ ಬ್ಯಾಟರಿ ನಂಬಿಕೊಂಡು ಸೇವ್ ಇಡುತ್ತವೆ. ನಕಲಿಯಲ್ಲೂ ನೀವು ಕಂಡ ಎಚ್ಚರಿಕೆಯೇ ಬರಬಹುದು, ಹಾಗಾಗಿ ಎಚ್ಚರಿಕೆ ನೋಡಿ ತೀರ್ಮಾನಿಸಬೇಡಿ.

ಪರೀಕ್ಷಿಸುವುದು ಹೀಗೆ. ಕಾರ್ಟ್ರಿಜ್‌ನ ಮೇಲಿನ ಚೀಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಎರಡು ಅಂಕಿ ಸಣ್ಣಗೆ ಒತ್ತಿರುತ್ತದೆ, ಶಾಯಿ ಇಲ್ಲದೆ ಬರೀ ಒತ್ತು. ಇನ್ನು ಕೆಳಗಿನ ಬಾಯಿಯಲ್ಲಿ, ಚಿನ್ನದ ಬಣ್ಣದ ಹಲ್ಲುಗಳ ಸ್ವಲ್ಪ ಮೇಲೆ, ಬೋರ್ಡಿನ ಮೇಲೆ ನಿಂಟೆಂಡೊ ಎಂಬ ಹೆಸರು ಕಾಣಬೇಕು.

ಬದಲಿಸುವುದಾದರೆ ಬೇಕಾದ ಸೆಲ್ ಸಿಆರ್1616. ಗಡಿಯಾರದ ಅಂಗಡಿಯ ಬರಿಯ ಸೆಲ್ ತಂದು ಅದರ ಮೈಗೇ ಬೆಸುಗೆ ಹಾಕಲು ಹೋಗಬೇಡಿ. ಬಿಸಿಗೆ ಅದು ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಕಾಲು ಬೆಸೆದಿರುವ ಸೆಲ್ಲೇ ಸಿಗುತ್ತದೆ, ಅದನ್ನು ತನ್ನಿ. ಸ್ಕ್ರೂ ಮೂರು ರೆಕ್ಕೆಯದು, ಮನೆಯಲ್ಲಿರುವ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ತಲೆ ಹಾಳಾಗುತ್ತದೆ.

ಒಂದು ಬೇಸರದ ಸುದ್ದಿ. ಹೊಸ ಸೆಲ್ ಹಾಕಿದ ಕೂಡಲೇ ಅಣ್ಣ ನೆಟ್ಟ ಮೊಳಕೆಗಳು ಏಳುವುದಿಲ್ಲ. ಗಡಿಯಾರ ಮೊದಲಿನಿಂದ ಎಣಿಸಲು ಶುರುಮಾಡುತ್ತದೆ. ಹಳೆಯ ಸೇವ್ ಎಷ್ಟು ದಿನ ಕಂಡಿತ್ತೋ ಅಷ್ಟು ದಿನ ಮತ್ತೆ ಕಳೆಯುವವರೆಗೂ ಅವು ಮೊಳಕೆಗಳೇ. ಹೊಸ ಆಟಕ್ಕೆ ಈ ತೊಂದರೆ ಇಲ್ಲ.

ಎರಡನೇ ಪ್ರಶ್ನೆಗೆ: ಕಾರ್ಟ್ರಿಜ್‌ನಿಂದ ಸೇವ್ ಕಡತವನ್ನು ಕಂಪ್ಯೂಟರ್‌ಗೆ ನಕಲಿಸುವ ಸಣ್ಣ ಯುಎಸ್‌ಬಿ ಸಾಧನಗಳಿವೆ. ಬರುವ ಕಡತ 128 ಕಿಲೊಬೈಟ್, ನಿಮ್ಮ ಒಂದು ಫೋಟೋಗಿಂತ ಎಷ್ಟೋ ಚಿಕ್ಕದು. ಬೇಕೆಂದಾಗ ಅದನ್ನೇ ವಾಪಸು ಕಾರ್ಟ್ರಿಜ್‌ಗೆ ಬರೆಯಲೂಬಹುದು. ಬ್ಯಾಟರಿಗೆ ಕೈಹಾಕುವ ಮೊದಲು ಇದನ್ನು ಮಾಡಿ.

ಒಣಮೀನು:

@ಬೆಸುಗೆಗಾರ, ಅಸಲಿಯೇ! ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದಾಗ ಅಂಕಿ ಕಂಡಿತು. ಚಿಕ್ಕಪ್ಪನ ಬಗ್ಗೆ ಗೌರವ ಹೆಚ್ಚಾಯಿತು. ತುಂಬಾ ಉಪಕಾರವಾಯಿತು.

@ಮೊದಲ ಬೆಂಚು, ಪರೀಕ್ಷೆ ಡಿಸೆಂಬರಿನಲ್ಲಿದೆ, ಕೇಳಿದ್ದಕ್ಕೆ ಅಮ್ಮನ ಪರವಾಗಿ ಧನ್ಯವಾದ. ಮೊಬೈಲ್‌ನಲ್ಲೂ ಆಡಿ ನೋಡಿದ್ದೇನೆ. ನಾಲ್ಕು ಪಟ್ಟು ವೇಗದಲ್ಲಿ ಬೂದಿ ಬೀಳುವುದನ್ನು ನೋಡಿ ಏನು ಮಾಡಲಿ? ನಡುವೆ ವಾಟ್ಸ್ಆ್ಯಪ್ ಬೇರೆ ಬಡಿಯುತ್ತದೆ. ಈ ಡಬ್ಬಿಗೆ ಯಾರ ಸಂದೇಶವೂ ಬರುವುದಿಲ್ಲ, ಅದೇ ಅದರ ದೊಡ್ಡ ಗುಣ.

ನಿಂಕಾಡದ ಬಗ್ಗೆ ಯಾಕಿಷ್ಟು ಹಟ ಎಂದರೆ, ಅದು ಜೀರುಂಡೆ. ನಮ್ಮ ಮನೆಯ ಹಿಂದಿನ ಹಲಸಿನ ಮರದ ಕಾಂಡದಲ್ಲಿ ಮಳೆಗಾಲದ ಮುಂಚೆ ಜೀರುಂಡೆಯ ಪೊರೆಗಳು ಕಚ್ಚಿಕೊಂಡಿರುತ್ತವೆ. ಕಂದುಬಣ್ಣ, ಕಾಗದದಷ್ಟು ಹಗುರ, ಕಾಲಿನ ಮುಳ್ಳು ಸಮೇತ ಎಲ್ಲ ಇದೆ, ಬೆನ್ನು ಮಾತ್ರ ಉದ್ದಕ್ಕೆ ಸೀಳಿದೆ. ಹುಳು ಹೊರಟುಹೋಗಿದೆ. ಚಿಕ್ಕವಳಿದ್ದಾಗ ಅವನ್ನು ಅಂಗಿಗೆ ಅಂಟಿಸಿಕೊಂಡು ತಿರುಗುತ್ತಿದ್ದೆ. ಈ ಆಟದಲ್ಲಿ ನಿಂಕಾಡ 20ನೇ ಲೆವೆಲ್‌ಗೆ ಬಂದಾಗ ರೆಕ್ಕೆ ಬಂದು ನಿಂಜಾಸ್ಕ್ ಆಗುತ್ತದೆ. ಅದು ಕಳಚಿಟ್ಟ ಪೊರೆಯೇ ಇನ್ನೊಂದು ಜೀವವಾಗಿ, ಶೆಡಿಂಜ ಎಂಬ ಹೆಸರಿನಲ್ಲಿ, ಹೇಳದೆ ಕೇಳದೆ ತಂಡದೊಳಗೆ ಬಂದು ಕೂರುತ್ತದೆ. ಅದಕ್ಕಿರುವ ಪ್ರಾಣ ಒಂದೇ ಒಂದು ಅಂಕ, 100ನೇ ಲೆವೆಲ್‌ಗೆ ಹೋದರೂ ಒಂದೇ. ಆದರೆ ಅದರ ದೌರ್ಬಲ್ಯ ತಿಳಿದು ಹೊಡೆಯದ ಹೊರತು ಯಾವ ಹೊಡೆತವೂ ತಗಲುವುದಿಲ್ಲ. ಅದರ ಬೆನ್ನಿನ ಸೀಳಿನೊಳಗೆ ಇಣುಕಿದವರ ಆತ್ಮವನ್ನು ಅದು ಕದಿಯುತ್ತದೆ ಎಂದು ರೂಬಿ ಆಟದ ಪೋಕೆಡೆಕ್ಸ್ (ಪೋಕೆಮಾನ್‌ಗಳ ವಿವರಪಟ್ಟಿ) ಹೇಳುತ್ತದೆ. ಕಾಳಗದಲ್ಲಿ ನಮಗೆ ಕಾಣುವುದೋ, ನಮ್ಮ ಪೋಕೆಮಾನ್‌ನ ಬೆನ್ನು! ಇದನ್ನು ಮಾಡಿದವರು ಜೀರುಂಡೆಯ ಪೊರೆಯನ್ನು ಕೈಯಲ್ಲಿ ಹಿಡಿದು ನೋಡಿದವರೇ ಇರಬೇಕು.

ಬೂದಿ ಕೊಡೆ:

ಹಿಡಿದು ನೋಡಿದವರೇ. ಪೋಕೆಮಾನ್ ಹುಟ್ಟುಹಾಕಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳು ಹಿಡಿಯುವ ಹುಚ್ಚಿದ್ದವರು. ಮೊದಲ ಆಟಗಳು ಜಪಾನಿನಲ್ಲಿ ಬಂದದ್ದು 1996ರಲ್ಲಿ, ಅವುಗಳ ಬೀಜ ಆ ಹುಚ್ಚಿನಲ್ಲಿದೆ.

ನಾನು ಮೂರು ವರ್ಷದಿಂದ ಜಪಾನಿನ ಕಾಗೋಶಿಮಾದಲ್ಲಿದ್ದೇನೆ, ಊರು ದಾವಣಗೆರೆ. ಎಮರಾಲ್ಡ್ ನಡೆಯುವ ಹೋಯೆನ್ ಪ್ರದೇಶ ಎಂದರೆ ನಾನಿರುವ ಈ ಕ್ಯೂಶು ದ್ವೀಪವೇ, ನಕ್ಷೆಯನ್ನು ಕಾಲು ಸುತ್ತು ತಿರುಗಿಸಿ ಇಟ್ಟಿದ್ದಾರೆ. ನೀವು ಗುಡಿಸಿದ ಬೂದಿ ಇಲ್ಲಿ ನಿಜವಾಗಿ ಬೀಳುತ್ತದೆ. ಕೊಲ್ಲಿಯ ಆಚೆ ಸಕುರಜಿಮಾ ಜ್ವಾಲಾಮುಖಿ ಇದೆ. ಅದು ಉಗುಳಿದ ದಿನ ಗಾಳಿ ಈ ಕಡೆ ತಿರುಗಿದರೆ ಬಿಸಿಲಿನಲ್ಲೂ ಜನ ಕೊಡೆ ಹಿಡಿದು ನಡೆಯುತ್ತಾರೆ. ಒಣಗಲು ಹಾಕಿದ ಬಟ್ಟೆಯನ್ನು ಓಡಿಹೋಗಿ ಎತ್ತಿಕೊಳ್ಳಬೇಕು. ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಬೂದಿ ತುಂಬಿಡಲು ನಗರಸಭೆ ಹಳದಿ ಚೀಲಗಳನ್ನು ಹಂಚುತ್ತದೆ. ಮೊದಲ ಸಲ ಆ ಚೀಲ ಕೈಗೆ ಬಂದಾಗ ನನಗೆ ನೆನಪಾದದ್ದು ಗಾಜಿನ ಕೆಲಸದವನೇ. ಇಲ್ಲಿ ಚೀಲ ತುಂಬಿಸಿದರೆ ಕೊಳಲು ಕೊಡುವವರು ಯಾರೂ ಇಲ್ಲ, ಬೀದಿಯ ಮೂಲೆಯಲ್ಲಿಟ್ಟು ಬರಬೇಕು.

ಆಟದ ಲವರಿಜ್ ಊರಿನಲ್ಲಿ ಮರಳಿನೊಳಗೆ ಕುತ್ತಿಗೆಯವರೆಗೆ ಹೂತುಕೊಂಡಿರುವ ಅಜ್ಜಿಯರನ್ನು ನೋಡಿದ್ದೀರಾ? ಇಲ್ಲಿಂದ ದಕ್ಷಿಣಕ್ಕಿರುವ ಇಬುಸುಕಿಯಲ್ಲಿ ಬಿಸಿ ಮರಳಿನ ಸ್ನಾನ ಹೀಗೆಯೇ. ನಾನೂ ಹೂತುಕೊಂಡು ಬಂದೆ. ಮರಳಿನ ಭಾರಕ್ಕೆ ಬೆರಳ ತುದಿಯಲ್ಲೂ ನಾಡಿ ಬಡಿಯುವುದು ಕೇಳಿದಂತಾಗುತ್ತದೆ. ಮಾಸ್‌ಡೀಪ್‌ನ ಬಾಹ್ಯಾಕಾಶ ಕೇಂದ್ರಕ್ಕೆ ಇಲ್ಲಿನ ಜೋಡಿ ತನೆಗಶಿಮಾ ದ್ವೀಪ, ಅಲ್ಲಿಂದ ರಾಕೆಟ್‌ಗಳು ಹಾರುತ್ತವೆ. ಮತ್ತೆ ಜೀರುಂಡೆಗಳು, ಆಗಸ್ಟ್‌ನಲ್ಲಿ ಮಾತು ಕೇಳದಷ್ಟು.

ಒಂದು ಕಿವಿಮಾತು. ನಿಂಕಾಡ 20ಕ್ಕೆ ಏರುವಾಗ ತಂಡದಲ್ಲಿ ಒಂದು ಜಾಗ ಖಾಲಿ ಇರಲೇಬೇಕು. ಆರೂ ತುಂಬಿದ್ದರೆ ಶೆಡಿಂಜ ಬರುವುದಿಲ್ಲ.

ಮೊದಲ ಬೆಂಚು:

ಸರಿ, ಸೋತೆ. ಹಲಸಿನ ಮರದ ವಿಷಯ ಓದಿ ಹಳೆಯ ಡಬ್ಬಿ ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಪರೀಕ್ಷೆಯ ಮಾತನ್ನು ತೆಗೆದುಕೊಂಡಿಲ್ಲ.

ಒಣಮೀನು (ಐದು ವಾರಗಳ ನಂತರ):

ಪರೀಕ್ಷೆ ಮುಗಿಯಿತು. ಈಗ ವರದಿ ಒಪ್ಪಿಸುತ್ತಿದ್ದೇನೆ.

ಪಕ್ಕದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಒಬ್ಬ ಹುಡುಗನ ಬಳಿ ಬೆಸುಗೆಗಾರರು ಹೇಳಿದ ಸಾಧನ ಇತ್ತು. ಮೊದಲು ಸೇವ್ ನಕಲಿಸಿದೆವು. 212 ಗಂಟೆ ಕಂಪ್ಯೂಟರಿಗೆ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ, ಅದು ಸ್ವಲ್ಪ ಅವಮಾನವೆನಿಸಿತು. ಎರಡು ಸಲ ನಕಲಿಸಿ, ಎರಡೂ ಒಂದೇ ಎಂದು ತಾಳೆ ನೋಡಿದ ಮೇಲೆ ಕಾರ್ಟ್ರಿಜ್ ಬಿಚ್ಚಿದೆವು. ಹಳೆಯ ಸೆಲ್ ತೆಗೆಯುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಹೊಸದನ್ನು ಹಾಕಿ, ಯಂತ್ರಕ್ಕೆ ಸಿಕ್ಕಿಸಿ ನೋಡಿದರೆ ಎಚ್ಚರಿಕೆ ಬರಲಿಲ್ಲ. ಬಂಗುಡೆ ಇದ್ದಲ್ಲೇ ಇತ್ತು. ಮೊಳಕೆಗಳೂ ಹಾಗೆಯೇ ಇದ್ದವು, ಹೇಳಿದ್ದಂತೆಯೇ.

ಅಣ್ಣನಿಗೆ ಫೋನ್ ಮಾಡಿ ಕಡತ ಎತ್ತಿಟ್ಟಿದ್ದೇನೆ ಎಂದೆ. ‘ನಿನಗೆ ಬೇರೆ ಕೆಲಸವಿಲ್ಲವಾ’ ಎಂದ. ರಾತ್ರಿ ಹನ್ನೊಂದೂವರೆಗೆ ಸಂದೇಶ ಬಂತು: ‘ಆ ಕಡತ ನನಗೂ ಕಳಿಸು.’ ಮರುದಿನ ಇನ್ನೊಂದು: ‘ದೊಡ್ಡಮಾವ 63ನೇ ಲೆವೆಲ್ ಅಲ್ಲವಾ?’ 62 ಎಂದು ಉತ್ತರ ಬರೆದೆ. ಅವನು ಒಪ್ಪಲಿಲ್ಲ, ಚಿತ್ರ ತೆಗೆದು ಕಳಿಸಬೇಕಾಯಿತು.

ಆಮೇಲೆ ಹೊಸ ಆಟ ಶುರುಮಾಡಿ, ಕಣ್ಣು ಮುಚ್ಚಿಕೊಂಡು ಸೇವ್ ಮಾಡಿದೆ. ಈಗ ನಾನು ನೆಟ್ಟ ಬೆರ್ರಿಗಳು ನನ್ನ ಕಣ್ಣೆದುರೇ ಗಿಡವಾಗಿ ಹೂಬಿಡುತ್ತಿವೆ.

ನಿಂಕಾಡದ ಕತೆ ಮಾತ್ರ ಹೇಳಲು ನಾಚಿಕೆ. ನಿನ್ನೆ ಬಸ್ಸಿನಲ್ಲಿ, ಚಾರ್ಜ್ ತುಂಬಿಸಿಕೊಂಡು, ಬ್ರಹ್ಮಾವರದ ಹತ್ತಿರವೇ 20ನೇ ಲೆವೆಲ್ ಆಯಿತು. ನಿಂಜಾಸ್ಕ್ ಬಂತು. ಖುಷಿಯಲ್ಲಿ ಆಗಲೇ ಸೇವ್ ಮಾಡಿಬಿಟ್ಟೆ. ತಂಡ ತೆರೆದು ಪೊರೆ ಎಲ್ಲಿ ಎಂದು ಹುಡುಕಿದರೆ, ಆರನೇ ಜಾಗದಲ್ಲಿ ಪೊದೆ ಕಡಿಯಲೆಂದು ಜೊತೆಗೆ ಇಟ್ಟುಕೊಂಡಿದ್ದ ಜಿಗ್ಜಗೂನ್ ನನ್ನನ್ನೇ ನೋಡುತ್ತಿತ್ತು. @ಬೂದಿ ಕೊಡೆ, ದಯವಿಟ್ಟು ಏನೂ ಹೇಳಬೇಡಿ. ಮತ್ತೆ ರೂಟ್ 116ರ ಹುಲ್ಲಿಗೆ ಬಂದಿದ್ದೇನೆ. ಇಲ್ಲಿಯವರೆಗೆ ಎದುರಾದದ್ದು ಒಂಬತ್ತು ವಿಸ್ಮರ್, ನಿಂಕಾಡ ಒಂದೂ ಇಲ್ಲ.