ಪುಟ್ಟ ದ್ವೀಪ, ಪಕ್ಕದ ಮನೆಯಲ್ಲಿ ಹೊಡೆತ: ಅನುಭವ ಇದ್ದವರು ದಾರಿ ಹೇಳಿ

ಕೇಳಿದವರು (ಶಾಲಾ ಶಿಕ್ಷಕಿ):
ಪೆಸಿಫಿಕ್ ಸಾಗರದ ದ್ವೀಪ ದೇಶ ವನುವಾಟುವಿನ ಒಂದು ಸಣ್ಣ ದ್ವೀಪಕ್ಕೆ ಪಾಠ ಹೇಳಲು ಬಂದು ಏಳು ತಿಂಗಳಾಯಿತು. ಊರಲ್ಲಿ 200 ಚಿಲ್ಲರೆ ಜನ. ಪಕ್ಕದ ಮನೆಯಾಕೆಗೆ ಗಂಡ ಹೊಡೆಯುತ್ತಾನೆ. ಮುಖ ಊದಿಕೊಂಡಿದ್ದನ್ನು ಎರಡು ಸಲ ನಾನೇ ನೋಡಿದೆ. ಪೊಲೀಸ್ ಠಾಣೆ ಬೇರೆ ದ್ವೀಪದಲ್ಲಿದೆ. ಊರಿನ ಮುಖ್ಯಸ್ಥ ಅವನ ದೊಡ್ಡಪ್ಪ. ಕಳೆದ ತಿಂಗಳು ನಾಲ್ಕು ಜನ ಸೇರಿಸಿ, ಅವನಿಂದ ಒಂದು ಹಂದಿ, ಎರಡು ಚಾಪೆ ಕೊಡಿಸಿ ರಾಜಿ ಮಾಡಿದರು. ಹತ್ತೇ ದಿನಕ್ಕೆ ಮತ್ತೆ ಹೊಡೆದ. ಸುಮ್ನೆ ಇರಲು ಮನಸ್ಸು ಒಪ್ಪುತ್ತಿಲ್ಲ. ಬಾಯಿಬಿಟ್ಟರೆ ಅವಳಿಗೇ ಕಷ್ಟ ಜಾಸ್ತಿ ಆಗುತ್ತದೇನೋ ಅಂತ ಭಯ. ಏನು ಮಾಡಲಿ?

ನರ್ಸ್ ಆಗಿದ್ದವರು:
ಮೇಡಂ, ನಾನು ಅದೇ ದೇಶದ ಹೊರ ದ್ವೀಪಗಳಲ್ಲಿ ನಾಲ್ಕು ವರ್ಷ ಇದ್ದೆ. ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಕೈ ಮುರಿದುಕೊಂಡು ಬಂದ ಒಬ್ಬಾಕೆಯನ್ನು ಕ್ಲಿನಿಕ್ ಜಗಲಿಯಲ್ಲಿ, ಎಲ್ಲರ ಎದುರೇ, ಯಾರು ಹೊಡೆದರು ಅಂತ ಕೇಳಿಬಿಟ್ಟೆ. ಜಾರಿ ಬಿದ್ದೆ ಅಂದಳು. ಸಂಜೆಯೊಳಗೆ ನನ್ನ ಪ್ರಶ್ನೆ ಗಂಡನ ಕಿವಿಗೆ ಬಿದ್ದಿತ್ತು. ಪಟ್ಟಿ ಬದಲಿಸಲಿಕ್ಕೂ ಅವಳು ಮತ್ತೆ ಬರಲಿಲ್ಲ. ಕ್ಲಿನಿಕ್ ಸಹಾಯಕಿ ಅವನ ಅತ್ತಿಗೆ, ದೋಣಿ ನಡೆಸುವವನು ಅವನ ತಮ್ಮ. ಇದು ನನಗೆ ಆಮೇಲೆ ಗೊತ್ತಾಯಿತು. ಅಲ್ಲಿ ಗುಟ್ಟು ನಿಲ್ಲುವುದಿಲ್ಲ.

ಹಾಗಾಗಿ ಅವಳು ಒಬ್ಬಳೇ ಸಿಗುವ ಹೊತ್ತು ಹುಡುಕಿ. ನನಗೆ ಅಂಥ ಹೊತ್ತು ಸಿಕ್ಕಿದ್ದು ತೋಟದ ದಾರಿಯಲ್ಲಿ. ಬೆಳಿಗ್ಗೆ ಹೆಂಗಸರು ಗೆಡ್ಡೆ ಅಗೆಯಲು ನಡೆದು ಹೋಗುತ್ತಾರಲ್ಲ, ಆಗ. ನಿನಗೆ ಏನು ಬೇಕು ಅಂತ ಮಾತ್ರ ಕೇಳಿ. ಗಂಡನನ್ನು ಬಿಟ್ಟು ಬಾ ಅನ್ನಬೇಡಿ. ಎಷ್ಟೋ ಕಡೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ (ವಧುದಕ್ಷಿಣೆ) ಕೊಟ್ಟು ಮದುವೆ ಆಗಿರುತ್ತದೆ. ಅವಳು ತವರಿಗೆ ಹೋದರೆ ತೆರ ವಾಪಸ್ ಕೊಡಿ ಅಂತ ಬರುತ್ತಾರೆ. ಕೊಡಲಾಗದೆ ಅಪ್ಪ, ಅಣ್ಣಂದಿರೇ ಅವಳನ್ನು ತಿರುಗಿ ಕಳಿಸುತ್ತಾರೆ. ಜಮೀನು ಅವನ ಕಡೆಯದು, ಮಕ್ಕಳನ್ನೂ ಅವನ ಕಡೆಯವರೇ ಇಟ್ಟುಕೊಳ್ಳುತ್ತಾರೆ. ಇದೆಲ್ಲ ಲೆಕ್ಕ ಹಾಕಿಯೇ ಅವಳು ಆ ಮನೆಯಲ್ಲಿ ಇದ್ದಾಳೆ, ಧೈರ್ಯ ಇಲ್ಲದೆ ಅಲ್ಲ.

ಒಂದು ವಿಷಯ ಮಾತ್ರ ಅವಳಿಗೆ ಗೊತ್ತಿರಲೇಬೇಕು. ವನುವಾಟುವಿನಲ್ಲಿ 2008ರ ಕುಟುಂಬ ರಕ್ಷಣಾ ಕಾಯ್ದೆ ಇದೆ. ಮನೆಯೊಳಗಿನ ಹೊಡೆತ ಅಲ್ಲಿ ಅಪರಾಧ. ‘ನಾನು ತೆರ ಕೊಟ್ಟಿದ್ದೇನೆ’ ಅನ್ನುವ ನೆಪ ಕೋರ್ಟಿನಲ್ಲಿ ನಡೆಯುವುದಿಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದ್ದಾರೆ. ಇದನ್ನು ಒಬ್ಬಾಕೆ ನನ್ನಿಂದ ಮೂರು ಸಲ ಹೇಳಿಸಿಕೊಂಡಳು.

ರಾಜಧಾನಿ ಪೋರ್ಟ್ ವಿಲಾದಲ್ಲಿ 1992ರಿಂದ, ಇಂಥ ಹೆಂಗಸರಿಗೆ ನೆರವಾಗುವ ವನುವಾಟು ವಿಮೆನ್ಸ್ ಸೆಂಟರ್ ಕೆಲಸ ಮಾಡುತ್ತಿದೆ. ಬೇರೆ ಬೇರೆ ದ್ವೀಪಗಳಲ್ಲಿ ಅವರ ಸ್ವಯಂಸೇವಕರ ಸಮಿತಿಗಳಿವೆ. ನಿಮ್ಮ ಹತ್ತಿರ ಯಾರಿದ್ದಾರೆ ಅಂತ ಅಲ್ಲಿಗೇ ಫೋನ್ ಮಾಡಿ ಕೇಳಿ. ಊರಲ್ಲಿ ವಿಚಾರಿಸಬೇಡಿ. ಇಲ್ಲಿ ದ್ವೀಪದ ಹೆಸರು ಹಾಕದೇ ಇದ್ದದ್ದು ಒಳ್ಳೆಯದಾಯಿತು.

ಫಿಜಿಯಲ್ಲಿ ಆಪ್ತಸಲಹೆ ಕೆಲಸ ಮಾಡಿದವರು:
ಹಂದಿ, ಚಾಪೆಯ ವಿಷಯಕ್ಕೆ ಬರುತ್ತೇನೆ. ಫಿಜಿಯಲ್ಲೂ ಇಂಥದ್ದೇ ಪದ್ಧತಿ ಇದೆ, ಬುಲುಬುಲು ಅನ್ನುತ್ತಾರೆ. ತಪ್ಪು ಮಾಡಿದವನ ಕಡೆಯವರು ತಿಮಿಂಗಿಲದ ಹಲ್ಲು ಹಿಡಿದು ಬಂದು ಕ್ಷಮೆ ಕೇಳುತ್ತಾರೆ. ಎರಡು ಮನೆಗಳ ನಡುವಿನ ಸಿಟ್ಟು ಆರಿಸಲು ಅದು ಒಳ್ಳೆಯ ದಾರಿಯೇ. ನಾನು ಅದನ್ನು ಕೀಳಾಗಿ ನೋಡುವುದಿಲ್ಲ. ಆದರೆ ಕ್ಷಮಿಸುವವರು ಯಾರು ಹೇಳಿ? ಅವಳ ಅಪ್ಪ, ಚಿಕ್ಕಪ್ಪ. ಏಟು ತಿಂದವಳನ್ನು ಒಂದು ಮಾತು ಕೇಳುವುದಿಲ್ಲ. ಮನೆಗಳ ನಡುವೆ ಶಾಂತಿ ಆಗುತ್ತದೆ, ಮನೆಯೊಳಗೆ ಆಗುವುದಿಲ್ಲ. ಅದಕ್ಕೇ 1995ರಲ್ಲಿ ಅಲ್ಲಿನ ಪೊಲೀಸರು, ರಾಜಿ ಆಯಿತು ಅಂತ ಇಂಥ ಕೇಸು ಕೈಬಿಡಬಾರದು ಎಂಬ ನಿಯಮ ತಂದರು.

ಮುಖ್ಯಸ್ಥನ ಎದುರು ನೀವು ನಿಂತು ಮಾತಾಡಬೇಡಿ. ಮಾತಾಡುವುದು ಊರಿನ ಹಿರಿಯ ಹೆಂಗಸರ ಕೈಯಲ್ಲಾಗಲಿ. ಒಬ್ಬರು ಸಿಕ್ಕೇ ಸಿಗುತ್ತಾರೆ. ಯಾಕೆ ಇಷ್ಟು ಖಚಿತವಾಗಿ ಹೇಳುತ್ತೇನೆ ಗೊತ್ತಾ? ಸಮೀಕ್ಷೆಗಳ ಪ್ರಕಾರ ಗಂಡ ಅಥವಾ ಸಂಗಾತಿಯಿಂದ ಹೊಡೆತ, ಲೈಂಗಿಕ ಹಿಂಸೆ ಅನುಭವಿಸಿದವರು ವನುವಾಟುವಿನಲ್ಲಿ 100ಕ್ಕೆ 60, ಫಿಜಿಯಲ್ಲಿ 64, ಕಿರಿಬಾಟಿಯಲ್ಲಿ 68. ಜಗತ್ತಿನ ಲೆಕ್ಕ ಮೂವರಲ್ಲಿ ಒಬ್ಬರು. ಅಂದರೆ ನಿಮ್ಮ ಸ್ಟಾಫ್ ರೂಮಿನಲ್ಲೇ ಇದನ್ನು ಉಂಡವರು ಇದ್ದಾರೆ. ನೀವು ಯಾರ ಮೇಲೂ ತೀರ್ಪು ಕೊಡದೆ ಇದ್ದರೆ ಅವರಾಗಿಯೇ ಹತ್ತಿರ ಬರುತ್ತಾರೆ.

ಚಂಡಮಾರುತದ ಪರಿಹಾರ ಕೆಲಸಕ್ಕೆ ಹೋಗಿದ್ದವರು:
ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಇನ್ನೂ ಹುಷಾರಾಗಿರಿ. 2011ರಲ್ಲಿ ವನುವಾಟುವಿನ ತನ್ನಾ ದ್ವೀಪದ ಕಡೆ ಎರಡು ಚಂಡಮಾರುತ ಬಂದವು. ಆಮೇಲೆ ಅಲ್ಲಿನ ಮಹಿಳಾ ಸಲಹಾ ಕೇಂದ್ರಕ್ಕೆ ಬಂದ ಹೊಸ ದೂರುಗಳು ಶೇ. 300ರಷ್ಟು ಏರಿದವು. ತೋಟ ಹಾಳು, ಊಟಕ್ಕೆ ತಾಪತ್ರಯ, ಎಲ್ಲರೂ ಒಂದೇ ಸೂರಿನ ಕೆಳಗೆ. ನಾವು ಅಕ್ಕಿ ಚೀಲವನ್ನು ಮನೆಯ ಯಜಮಾನನ ಕೈಗೇ ಕೊಡುತ್ತಿದ್ದೆವು. ಅದರಿಂದ ಎಷ್ಟು ಹೆಂಗಸರು ಇನ್ನಷ್ಟು ಅವನ ಹಂಗಿಗೆ ಬಿದ್ದರು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರು:
ನೀವು ಹೊರಗಿನವರು. ಒಂದೆರಡು ವರ್ಷಕ್ಕೆ ಹೊರಟು ಹೋಗುತ್ತೀರಿ. ಅವಳು ಅಲ್ಲೇ ಬದುಕಬೇಕು. ತಲೆ ಹಾಕದಿರುವುದೇ ಒಳ್ಳೆಯದು.

ನರ್ಸ್ ಆಗಿದ್ದವರು:
ಅವಳು ಅಲ್ಲೇ ಬದುಕಬೇಕು ಅನ್ನುವುದು ನಿಜ. ಅದಕ್ಕೇ ತೀರ್ಮಾನ ಅವಳದ್ದೇ ಅಂದೆ. ಆದರೆ ಹೊರಗಿನವರಿಂದ ಏನೂ ಆಗದು ಅನ್ನಬೇಡಿ. ಪಿಟ್‌ಕೈರ್ನ್ ಅನ್ನುವ ಬ್ರಿಟಿಷ್ ಆಡಳಿತದ ಪೆಸಿಫಿಕ್ ದ್ವೀಪದಲ್ಲಿ 50 ಜನ ಇದ್ದರೆ ಹೆಚ್ಚು. ಅಲ್ಲಿ ಹುಡುಗಿಯರ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು 1999ರಲ್ಲಿ, ಸ್ವಲ್ಪ ದಿನದ ಕೆಲಸಕ್ಕೆ ಬಂದಿದ್ದ ಬ್ರಿಟಿಷ್ ಮಹಿಳಾ ಪೊಲೀಸ್ ಒಬ್ಬರಿಂದ. 2004ರಲ್ಲಿ ದ್ವೀಪದಲ್ಲೇ 7 ಗಂಡಸರ ವಿಚಾರಣೆ ನಡೆದು 6 ಜನರ ಮೇಲೆ ಅಪರಾಧ ಸಾಬೀತಾಯಿತು. ಇವರು ಜೈಲಿಗೆ ಹೋದರೆ ದೋಣಿ ನಡೆಸುವವರು ಯಾರು, ದ್ವೀಪವೇ ಮುಚ್ಚಿಹೋಗುತ್ತದೆ ಅಂತ ಆಗ ಎಷ್ಟು ಜನ ಹೇಳಿದರು! ಆ ದ್ವೀಪದಲ್ಲಿ ಇವತ್ತಿಗೂ ಜನ ಇದ್ದಾರೆ.

ಶಿಕ್ಷಕಿ ಮೇಡಂ, ಆ ಊರಲ್ಲಿ ಯಾರಿಗೂ ಸಂಬಂಧಿಕರಲ್ಲದವರು ಬಹುಶಃ ನೀವೊಬ್ಬರೇ. ಅವಳಿಗೆ ನಿಮ್ಮಿಂದ ಆಗುವ ಉಪಯೋಗ ಅದೇ. ನಿಮ್ಮ ಕಿವಿಗೆ ಬಿದ್ದದ್ದು ಇನ್ನೊಂದು ಅಡುಗೆ ಮನೆಗೆ ಹೋಗುವುದಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ತೋಟದ ದಾರಿಯಲ್ಲಿ ಜೊತೆಗೆ ನಡೆದೆ. ಏನು ಬೇಕು ಅಂತ ಅಷ್ಟೇ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಬಿಟ್ಟು ಹೋಗುವ ಮಾತೇ ಎತ್ತಲಿಲ್ಲ. ಮಕ್ಕಳ ಬರ್ತ್ ಸರ್ಟಿಫಿಕೇಟ್, ಚಾಪೆ ಮಾರಿ ಕೂಡಿಟ್ಟ ಸ್ವಲ್ಪ ದುಡ್ಡು, ಇವನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ ಅಂದಳು. ನಿನ್ನೆ ಮಗಳ ನೋಟ್‌ಬುಕ್ ಒಳಗೆ ಇಟ್ಟು ಶಾಲೆಗೆ ಕಳಿಸಿದ್ದಾಳೆ. ಎಲ್ಲಿ ಇಟ್ಟಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಶನಿವಾರ ಗುಡ್ಡ ಹತ್ತಿದರೆ ಸಿಗ್ನಲ್ ಸಿಗುತ್ತದೆ, ಸೆಂಟರ್‌ಗೆ ಫೋನ್ ಮಾಡುತ್ತೇನೆ.